ಸುಂಬಾ ದ್ವೀಪದ ಹಳ್ಳಿಯಲ್ಲಿ ಇನ್ನೊಬ್ಬರ ಹೆಸರಲ್ಲಿ ಜಾಗ ಕೊಳ್ಳಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಅಡಿಕೆ ತೋಟದ ಮನೆತನ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಎಲ್ಲಿದ್ದರೂ ಕೆಲಸ ಮಾಡುವ ಅನುಕೂಲವಿದೆ. ಕಳೆದ ವರ್ಷ ನಾನು, ನನ್ನ ಹೆಂಡತಿ ಇಂಡೊನೇಷ್ಯಾದ ಬಾಲಿಗೆ ಹೋದವರು ಅಲ್ಲಿಂದ ಸುಂಬಾ ದ್ವೀಪಕ್ಕೂ ಹೋಗಿ ಬಂದೆವು. ಪಶ್ಚಿಮ ತುದಿಯ ಕೋಡಿ ಸೀಮೆಯ ಒಂದು ಕಡಲಂಚಿನ ಹಳ್ಳಿ ಇಬ್ಬರ ಮನಸ್ಸಿಗೂ ಹಿಡಿಸಿಬಿಟ್ಟಿದೆ. ನಮ್ಮ ಕಾರು ಓಡಿಸಿದ ಹುಡುಗನ ಮನೆಯವರಿಗೆ ಅಲ್ಲಿ ಸಮುದ್ರದಿಂದ ಐವತ್ತು ಮೀಟರ್ ದೂರದಲ್ಲಿ 40 ಆರೆ (ಸುಮಾರು ಒಂದು ಎಕರೆ) ಜಾಗ ಇದೆಯಂತೆ. ವಿದೇಶಿಯರ ಹೆಸರಿಗೆ ಆಗುವುದಿಲ್ಲ, ನನ್ನ ಹೆಸರಲ್ಲೇ ಮಾಡಿಸೋಣ, ಅನುಭವ ನಿಮ್ಮದು ಎನ್ನುತ್ತಾನೆ. ಎರಡೂವರೆ ಕೋಟಿ ರುಪಿಯಾ (ಸುಮಾರು 1.3 ಲಕ್ಷ ರೂಪಾಯಿ) ಮುಂಗಡ ಕೊಟ್ಟಾಗಿದೆ. ಒಂದು ಸಣ್ಣ ಮನೆ, ಸುತ್ತ ಶ್ರೀಗಂಧ, ವರ್ಷಕ್ಕೆ ಆರು ತಿಂಗಳು ಅಲ್ಲೇ ವಾಸ, ಇದು ನಮ್ಮ ಆಸೆ. ನಾವು ಸಸ್ಯಾಹಾರಿಗಳು. ಇದು ಆಗುವ ಮಾತೇ? ಓಡಾಟ, ಆರೋಗ್ಯ, ವೀಸಾ ಬಗ್ಗೆಯೂ ತಿಳಿಸಿ.

ಉತ್ತರ: ಉಳಿದ ದುಡ್ಡು ಕಳಿಸಬೇಡಿ. ಇಷ್ಟನ್ನು ಮೊದಲು ಹೇಳಿ ಮುಂದಿನ ಮಾತಿಗೆ ಬರುತ್ತೇನೆ.

ಆ ಹುಡುಗ ಮೋಸಗಾರ ಎಂದು ನಾನು ಹೇಳುತ್ತಿಲ್ಲ. ನೀವು ಬರೆದಿರುವುದನ್ನು ನೋಡಿದರೆ ಒಳ್ಳೆಯವನೇ ಇರಬೇಕು, ನಿಮಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿರಬಹುದು. ತೊಂದರೆ ಇರುವುದು ವ್ಯವಹಾರದ ಬುಡದಲ್ಲೇ. ಇಂಡೊನೇಷ್ಯಾದ 1960ರ ಮೂಲ ಭೂ ಕಾಯ್ದೆಯ 21ನೇ ಕಲಮಿನ ಪ್ರಕಾರ ‘ಹಕ್ ಮಿಲಿಕ್’, ಅಂದರೆ ಪೂರ್ಣ ಒಡೆತನ, ಆ ದೇಶದ ಪ್ರಜೆಗೆ ಮಾತ್ರ. ಅದೇ ಕಾಯ್ದೆಯ 26ನೇ ಕಲಂ ಇನ್ನೂ ಮುಂದೆ ಹೋಗುತ್ತದೆ: ನೇರವಾಗಿಯೋ ಸುತ್ತುಬಳಸಿಯೋ ವಿದೇಶಿಯೊಬ್ಬನಿಗೆ ಒಡೆತನ ದಾಟಿಸುವ ಯಾವ ವ್ಯವಹಾರವೂ ಅಸಿಂಧು, ಅಂಥ ಜಾಗ ಸರ್ಕಾರಕ್ಕೆ ಸೇರುತ್ತದೆ, ಕೊಟ್ಟ ಹಣವನ್ನು ವಾಪಸ್ ಕೇಳುವಂತಿಲ್ಲ. ನಮ್ಮಲ್ಲಿ ಇದಕ್ಕೆ ಬೇನಾಮಿ ಎನ್ನುತ್ತೇವೆ. ಬಾಲಿಯಲ್ಲಿ ಇದನ್ನು ಗಟ್ಟಿ ಮಾಡುತ್ತೇವೆಂದು ಒಂದು ಕಂತೆ ಕಾಗದ ಮಾಡಿಕೊಡುವವರಿದ್ದಾರೆ. ಹೆಸರು ಕೊಟ್ಟವನು ನಿಮ್ಮಿಂದ ಸಾಲ ಪಡೆದಿದ್ದಾನೆ ಎಂದು ಒಂದು ಪತ್ರ, ನಿಮಗೆ ಒಂದು ಜಿಪಿಎ (ಅಧಿಕಾರ ಪತ್ರ), ಜಾಗ ನಿಮ್ಮದೇ ಎಂದು ಅವನು ಒಪ್ಪಿಕೊಂಡ ಇನ್ನೊಂದು ಪತ್ರ. ಈ ಕಂತೆಗೆ ನ್ಯಾಯಾಲಯದಲ್ಲಿ ಎಷ್ಟು ಬೆಲೆ ಎಂಬುದನ್ನು ಅಲ್ಲಿನ ಸುಪ್ರೀಂ ಕೋರ್ಟ್ 2020ರ 10ನೇ ಸುತ್ತೋಲೆಯಲ್ಲಿ ಸ್ಪಷ್ಟ ಮಾಡಿದೆ: ದುಡ್ಡು ವಿದೇಶಿಯದೇ ಆಗಿದ್ದರೂ ಜಾಗದ ಪ್ರಮಾಣಪತ್ರದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ನಾಳೆ ಆ ಹುಡುಗನಿಗೆ ಏನಾದರೂ ಆದರೆ ಜಾಗ ಅವನ ಹೆಂಡತಿ ಮಕ್ಕಳದ್ದು. ಅವನಿಗೆ ಸಾಲ ಹೆಚ್ಚಾದರೆ ಸಾಲ ಕೊಟ್ಟವರದ್ದು. ನಿಮಗೆ ಉಳಿಯುವುದು ಫೋಟೊ ಮಾತ್ರ.

ಇದರ ಇನ್ನೊಂದು ತುದಿ ಬೆಂಗಳೂರಿನಲ್ಲಿದೆ, ಅದನ್ನು ಯಾರೂ ಯೋಚಿಸುವುದಿಲ್ಲ. ಭಾರತದಿಂದ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಅದರಲ್ಲಿ ಜಾಗವನ್ನೂ ಕೊಳ್ಳಬಹುದು. ಆದರೆ ಯಾತಕ್ಕೆ ಕಳಿಸುತ್ತಿದ್ದೀರಿ ಎಂದು ಬ್ಯಾಂಕಿಗೆ ಬರೆದುಕೊಡಬೇಕು. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು ಶೇ. 20ರಷ್ಟು ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತದೆ. ಆಮೇಲೆ ಹೊರದೇಶದ ಆಸ್ತಿಯನ್ನು ಪ್ರತಿವರ್ಷ ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡವಿದೆ. ಈಗ ಹೇಳಿ, ಆ ನಲವತ್ತು ಆರೆಯನ್ನು ನೀವು ತೋರಿಸುತ್ತೀರೋ ಇಲ್ಲವೋ? ತೋರಿಸಿದರೆ ಅಲ್ಲಿನ ಕಾನೂನು ಮುರಿದೆನೆಂದು ನೀವೇ ಬರೆದುಕೊಟ್ಟ ಹಾಗೆ. ತೋರಿಸದಿದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ.

ಕಾನೂನಿನ ಮಾತು ಇಷ್ಟೇ ಆಗಿದ್ದರೆ ಉತ್ತರ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಸುಂಬಾದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆಯೇ ಇದೆ. ಆ ಜಾಗವನ್ನು ಮಾರುವ ಹಕ್ಕು ಆ ಹುಡುಗನ ಮನೆಯವರಿಗೆ ಇದೆಯೇ?

ನೀವು ನೋಡಿದ ಹಳ್ಳಿಯನ್ನು ನೆನಪಿಸಿಕೊಳ್ಳಿ. ರಾತೆಂಗಾರೊದಂಥ ಕೋಡಿಯ ಹಳೆಯ ಊರುಗಳಲ್ಲಿ ಹುಲ್ಲಿನ ಮಾಡು ಗೋಪುರದ ಹಾಗೆ ಮೇಲೆದ್ದಿರುತ್ತದೆ. ಕೆಳಗೆ ಹಂದಿ, ಎಮ್ಮೆ. ನಡುವಿನ ಬಿದಿರು ಹಾಸಿನ ಮೇಲೆ ಮನುಷ್ಯರು. ಎಲ್ಲಕ್ಕೂ ಮೇಲೆ, ಕತ್ತಲಲ್ಲಿ, ಹಿರಿಯರ ಒಡವೆ ವಸ್ತು ಮತ್ತು ಹಿರಿಯರೇ. ಅವರನ್ನು ಮರಾಪು ಎನ್ನುತ್ತಾರೆ, ಆ ಧರ್ಮಕ್ಕೂ ಅದೇ ಹೆಸರು. ಮನೆಯ ಎದುರಿಗೇ, ಅಂಗಳದಲ್ಲೇ, ದಪ್ಪ ಕಲ್ಲಿನ ಚಪ್ಪಡಿ ಹೊದಿಸಿದ ಗೋರಿಗಳಿರುತ್ತವೆ. ಮಕ್ಕಳು ಅದರ ಮೇಲೆ ಆಡುತ್ತಾರೆ, ಹೆಂಗಸರು ಜೋಳ, ಬಟ್ಟೆ ಒಣಹಾಕುತ್ತಾರೆ. ಪ್ರವಾಸಿಗರು ಅದನ್ನು ನೋಡಿ ಫೋಟೊ ತೆಗೆಯುತ್ತಾರೆ. ಊರಿನವರ ಪಾಲಿಗೆ ಆ ಕಲ್ಲೇ ಪಹಣಿ. ಯಾರ ಅಜ್ಜ ಎಲ್ಲಿ ಮಲಗಿದ್ದಾನೆ ಎಂಬುದರ ಮೇಲೆ ಯಾವ ವಂಶಕ್ಕೆ ಯಾವ ನೆಲ ಎಂದು ತೀರ್ಮಾನವಾಗುತ್ತದೆ.

ನೆಲ ಇರುವುದು ‘ಕಬಿಸು’ ಹೆಸರಿನಲ್ಲಿ, ಅಂದರೆ ತಂದೆಯ ಕಡೆಯಿಂದ ಬರುವ ಕುಲದ ಹೆಸರಿನಲ್ಲಿ. ಒಂದು ಮನೆಯವರು ಉಳುತ್ತಾರೆ, ಗೇರು ಗಿಡ ಹಾಕುತ್ತಾರೆ, ಫಲ ತಿನ್ನುತ್ತಾರೆ. ಅದರಿಂದ ಮಾರುವ ಅಧಿಕಾರ ಅವರಿಗೆ ಬರುವುದಿಲ್ಲ. ಅಪ್ಪನ ಅಣ್ಣತಮ್ಮಂದಿರು, ಅವರ ಮಕ್ಕಳು, ಬಾಲಿಗೋ ಪ್ರಾಂತ್ಯದ ರಾಜಧಾನಿ ಕುಪಾಂಗಿಗೋ ದುಡಿಯಲು ಹೋದ ದಾಯಾದಿಗಳು, ‘ರಾತೊ’ ಎನ್ನುವ ಕುಲದ ಅರ್ಚಕರು, ಎಲ್ಲರೂ ಒಪ್ಪಬೇಕು. ಒಂದು ಕುಲ ಇನ್ನೊಂದಕ್ಕೆ ಹಿಂದೆಂದೋ ಉಳಲು ಬಿಟ್ಟುಕೊಟ್ಟ ನೆಲವೂ ಇರುತ್ತದೆ. ಅಂಥ ಕಡೆ ಕೊಟ್ಟವರು ಸುಮ್ಮನಿದ್ದಾರೆ ಎಂದರೆ ಮರೆತಿದ್ದಾರೆ ಎಂದಲ್ಲ. ಜಂಟಿ ಆಸ್ತಿಯ ಪಾಲು ಪಟ್ಟಿ ನೋಡಿ ಬೆಳೆದ ನಿಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಅದಕ್ಕೆ ಸರ್ವೆ ನಂಬರ್, ಮ್ಯುಟೇಶನ್ ಇದೆ. ಅಲ್ಲಿ ಬಹಳಷ್ಟು ಕಡೆ ನೆನಪು ಮತ್ತು ಕಲ್ಲು ಮಾತ್ರ ಇದೆ.

ಇದು ಬರೀ ತಕರಾರಿನಲ್ಲಿ ಮುಗಿಯುವ ವಿಷಯವೂ ಅಲ್ಲ. ದಕ್ಷಿಣ ಕರಾವಳಿಯ ನಿಹಿವಾತು ರೆಸಾರ್ಟನ್ನು 2016 ಮತ್ತು 2017ರಲ್ಲಿ ಅಮೆರಿಕದ ಒಂದು ಪ್ರವಾಸ ಪತ್ರಿಕೆಯ ಓದುಗರು ಜಗತ್ತಿನ ಅತ್ಯುತ್ತಮ ಹೋಟೆಲ್ ಎಂದು ಆರಿಸಿದರು. ಅಂಥ ಹೆಸರಿನ ಬೆನ್ನಿಗೆ ಕಡಲಂಚಿನ ಜಾಗಕ್ಕೆ ಹೊರಗಿನವರ ಕಣ್ಣೂ ಬಿತ್ತು. 2018ರ ಏಪ್ರಿಲ್‌ನಲ್ಲಿ ಪಶ್ಚಿಮ ಸುಂಬಾದ ಮಾರೊಸಿ ಕಡಲತೀರದಲ್ಲಿ ತಕರಾರಿನ ಜಾಗವೊಂದನ್ನು ಪೊಲೀಸ್ ಕಾವಲಿನಲ್ಲಿ ಅಳೆಯಲು ಬಂದಾಗ ಹಳ್ಳಿಯವರು ತಡೆದರು. ಗುಂಡು ತಗುಲಿ ಒಬ್ಬ ರೈತ ಸತ್ತ. ನೀವು ಕೊಳ್ಳಲು ಹೊರಟಿರುವ ತುಂಡು ಇದೇ ದ್ವೀಪದ್ದು. ನೀವು ಊರಿನವರ ಸ್ನೇಹ ಬಯಸಿ ಹೋಗುತ್ತಿದ್ದೀರಿ. ಆ ಮನೆಯ ಅಣ್ಣತಮ್ಮಂದಿರ ನಡುವೆ ನಿಮ್ಮ ದುಡ್ಡಿನಿಂದ ಜಗಳ ಹುಟ್ಟಿದರೆ ಅದರ ಪೆಟ್ಟು ತಿನ್ನುವವರು ಅವರು. ನಿಮಗೆ ವಾಪಸ್ ಬರಲು ವಿಮಾನ ಇದೆ. ನನಗೆ ನಿಮ್ಮ 1.3 ಲಕ್ಷಕ್ಕಿಂತ ಹೆಚ್ಚು ಚಿಂತೆ ಅದರದ್ದೇ.

ಜಾಗದ ಬಗ್ಗೆ ಇನ್ನೆರಡು ಮಾತು. ಅಲ್ಲಿನ ಒಂದು ಆರೆ ಎಂದರೆ ನೂರು ಚದರ ಮೀಟರ್, ಹೆಚ್ಚು ಕಡಿಮೆ ನಮ್ಮ ಒಂದು ಗುಂಟೆ. ನಲವತ್ತು ಆರೆ ಎಂದರೆ ಒಂದು ಎಕರೆ. ಸಮುದ್ರದಿಂದ ಐವತ್ತು ಮೀಟರ್ ಎಂದು ಬರೆದಿದ್ದೀರಿ. 2016ರ ಅಧ್ಯಕ್ಷೀಯ ನಿಯಮದ ಪ್ರಕಾರ ಅತಿ ಹೆಚ್ಚಿನ ಉಬ್ಬರದ ಗೆರೆಯಿಂದ ಕನಿಷ್ಠ 100 ಮೀಟರ್ ತೀರದ ಮೀಸಲು ಪಟ್ಟಿ. ಅಂದರೆ ಆ ಜಾಗದ ಅತ್ಯಂತ ಚೆಂದದ ಭಾಗದಲ್ಲಿ, ಯಾರ ಹೆಸರಲ್ಲೇ ಇರಲಿ, ಮನೆ ಕಟ್ಟುವ ಲೆಕ್ಕ ಇಟ್ಟುಕೊಳ್ಳುವಂತಿಲ್ಲ. ನಿಯಮವನ್ನು ಬದಿಗಿಡಿ, 1977ರ ಆಗಸ್ಟ್ 19ರಂದು ಸುಂಬಾದ ದಕ್ಷಿಣಕ್ಕೆ ಸಮುದ್ರದಡಿ ಆದ ಭಾರಿ ಭೂಕಂಪದಿಂದ ಸುನಾಮಿ ಎದ್ದು ಸುಂಬಾ, ಸುಂಬಾವಾ ತೀರಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಹಳೆಯ ಊರುಗಳು ಬಹಳಷ್ಟು ಗುಡ್ಡದ ನೆತ್ತಿಯ ಮೇಲಿವೆ. ಶತ್ರುಗಳ ಭಯಕ್ಕೆ ಕಟ್ಟಿದ್ದು ಎನ್ನುತ್ತಾರೆ. ಕಾರಣ ಏನೇ ಇರಲಿ, ನಾನು ಅಲ್ಲಿ ಮನೆ ಹುಡುಕಿದರೆ ಎತ್ತರದಲ್ಲೇ ಹುಡುಕುತ್ತೇನೆ.

ಹಾಗಾದರೆ ಸರಿಯಾದ ದಾರಿಯೇ ಇಲ್ಲವೇ? ಇದೆ, ಆದರೆ ಯಾವುದರಲ್ಲೂ ಒಡೆತನ ಸಿಗುವುದಿಲ್ಲ. ವಾಸದ ಪರವಾನಗಿ ಇರುವ ವಿದೇಶಿಗೆ ‘ಹಕ್ ಪಾಕಾಯ್’ ಎಂಬ ಬಳಕೆಯ ಹಕ್ಕು ಸಿಗುತ್ತದೆ. 2021ರ 18ನೇ ಸರ್ಕಾರಿ ನಿಯಮದ ಪ್ರಕಾರ ಸರ್ಕಾರಿ ನೆಲದ ಮೇಲೆ ಅದು 30 ವರ್ಷ, ಮತ್ತೆ 20, ಮತ್ತೆ 30. ಖಾಸಗಿ ಒಡೆತನದ ನೆಲದ ಮೇಲಾದರೆ ಮಾಲೀಕರ ಜೊತೆ ಒಪ್ಪಂದ ಮಾಡಿ 30 ವರ್ಷಕ್ಕೆ ನೋಂದಾಯಿಸಬಹುದು, ಜಾಗ ಅವರದ್ದಾಗಿಯೇ ಉಳಿಯುತ್ತದೆ. ಆದರೆ ಇದು ವಾಸದ ಮನೆಗೆ, ಸಾಮಾನ್ಯವಾಗಿ 2,000 ಚದರ ಮೀಟರ್ ಮೀರದ ಒಂದೇ ತುಂಡಿಗೆ, ಅದೂ ಪ್ರಾಂತ್ಯಕ್ಕೆ ಗೊತ್ತುಮಾಡಿದ ಕನಿಷ್ಠ ಬೆಲೆಗಿಂತ ಮೇಲಿನ ಮನೆಗೆ. ನಿಮ್ಮ ಒಂದು ಎಕರೆ ಇದರಲ್ಲಿ ಹಿಡಿಸುವುದಿಲ್ಲ. ವಿದೇಶಿ ಬಂಡವಾಳದ ಕಂಪನಿ ಮಾಡಿ ಅದರ ಹೆಸರಲ್ಲಿ ಕಟ್ಟಡದ ಹಕ್ಕು ಪಡೆಯುವ ದಾರಿಯನ್ನೂ ಏಜೆಂಟರು ಹೇಳುತ್ತಾರೆ. ಅದಕ್ಕೆ ಜಾಗ, ಕಟ್ಟಡ ಬಿಟ್ಟು 1,000 ಕೋಟಿ ರುಪಿಯಾ ಮೀರಿದ ಹೂಡಿಕೆಯ ಯೋಜನೆ ತೋರಿಸಬೇಕು. ಎರಡು ಕೋಣೆಯ ಮನೆಗೆ ಅದು ಬೇಡ.

ನಿಮಗೆ ಹೊಂದುವುದು ಸಾದಾ ಲೀಸು, ಅದೂ ಐದು ವರ್ಷಕ್ಕೆ. ಐದೇ ಯಾಕೆಂದರೆ, ಭಾರತದ 2022ರ ಹೊರದೇಶ ಹೂಡಿಕೆ ನಿಯಮಗಳಲ್ಲಿ ಐದು ವರ್ಷ ಮೀರದ ಲೀಸಿಗೆ ಆಸ್ತಿ ಕೊಳ್ಳುವ ನಿರ್ಬಂಧಗಳು ಅನ್ವಯಿಸುವುದಿಲ್ಲ. ಕಟ್ಟಿದ ಮನೆ ಸಿಕ್ಕರೆ ಒಳ್ಳೆಯದು; ಇಲ್ಲದಿದ್ದರೆ ಬಿದಿರು, ಮರದಲ್ಲಿ ಕಟ್ಟಿಸಿ ಅವಧಿ ಮುಗಿದ ಮೇಲೆ ಅವರಿಗೇ ಬಿಟ್ಟುಕೊಡುವ ಮಾತಾಡಿ. ಲೀಸಿನ ಕಾಗದ ನೋಟರಿಯ ಎದುರು, ಇಂಡೊನೇಷ್ಯಾ ಭಾಷೆಯಲ್ಲೇ ಆಗಬೇಕು, 2009ರ ಭಾಷಾ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ಅದಕ್ಕೂ ಮೊದಲು ಜಿಲ್ಲಾ ಭೂ ಕಚೇರಿಯಲ್ಲಿ ಆ ಜಾಗಕ್ಕೆ ಪ್ರಮಾಣಪತ್ರ ಇದೆಯೇ, ಅಡವು ತಕರಾರು ಇದೆಯೇ ಎಂದು ವಿಚಾರಿಸಿ ಬರಹದಲ್ಲಿ ಪಡೆಯಿರಿ. ನಮ್ಮ ಋಣಭಾರ ಪತ್ರದ ಕೆಲಸ ಮಾಡುವ ದಾಖಲೆ ಅಲ್ಲೂ ಇದೆ. ಹಳ್ಳಿಯ ಮುಖ್ಯಸ್ಥರು ಬರೆದುಕೊಡುವ ಪತ್ರವನ್ನೇ ಪ್ರಮಾಣಪತ್ರ ಎಂದು ತೋರಿಸಿದರೆ ಒಪ್ಪಬೇಡಿ, ಅದು ಬೇರೆ, ಇದು ಬೇರೆ. ಮಾಲೀಕ, ಅವನ ಹೆಂಡತಿ, ಅಣ್ಣತಮ್ಮಂದಿರು ಎಲ್ಲರ ಸಹಿ ಇರಲಿ. ಮಾಲೀಕ ತೀರಿಕೊಂಡರೂ ಲೀಸು ವಾರಸುದಾರರ ಮೇಲೆ ನಿಲ್ಲುತ್ತದೆ ಎಂಬ ಸಾಲು ಮರೆಯಬೇಡಿ.

ಕಾಗದದ ಜೊತೆಗೆ ಕುಲದವರ ಎದುರು ಒಂದು ಶಾಸ್ತ್ರವೂ ಆಗುತ್ತದೆ, ಅದಿಲ್ಲದೆ ಊರಿನ ಕಣ್ಣಲ್ಲಿ ಕಾಗದಕ್ಕೆ ಜೀವ ಇಲ್ಲ. ನೀವು ಸಸ್ಯಾಹಾರಿಗಳಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಅದರಲ್ಲಿ ಕೋಳಿಯನ್ನೋ ಹಂದಿಯನ್ನೋ ಕೊಯ್ದು, ಅದರ ಕರುಳು ಇಲ್ಲವೇ ಪಿತ್ತಜನಕಾಂಗ ನೋಡಿ ಹಿರಿಯರ ಒಪ್ಪಿಗೆ ಕೇಳುತ್ತಾರೆ. ನಿಮ್ಮ ಹೆಸರಲ್ಲಿ, ನಿಮ್ಮ ಕಣ್ಣೆದುರು. ಇದನ್ನು ನಿಮ್ಮ ಮನಸ್ಸು ಒಪ್ಪುತ್ತದೆಯೇ ಎಂದು ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಿ.

ಊಟದ ವಿಷಯ ಅಷ್ಟು ಕಷ್ಟ ಅಲ್ಲ. ಅನ್ನ, ಮುಸುಕಿನ ಜೋಳ, ಮರಗೆಣಸು, ನುಗ್ಗೆ ಸೊಪ್ಪು, ಪಪ್ಪಾಯಿ ಎಲೆ, ಬಾಳೆ, ತೆಂಗು ಎಲ್ಲ ಇದೆ. ಹತ್ತಿರದ ಪಟ್ಟಣ ವಾಯ್ತಾಬುಲಾದ ಪೇಟೆಯಲ್ಲಿ ಸೋಯಾ ಕಾಳಿನ ತೋಫು, ತೆಂಪೆ ಸಿಗುತ್ತವೆ. ಬೇಳೆ, ಸಾಂಬಾರ ಪುಡಿ, ಹುಣಸೆ ಗೊಜ್ಜು ನೀವೇ ಒಯ್ಯಿರಿ. ಕಷ್ಟ ಇರುವುದು ಹಂಚಿಕೆಯಲ್ಲಿ. ಸುಂಬಾದ ಬದುಕಿನ ಲೆಕ್ಕವೆಲ್ಲ ಮಾಂಸದ ಪಾಲಿನಲ್ಲಿ ನಡೆಯುತ್ತದೆ. ಸಾವಾದಾಗ, ಗೋರಿಯ ಕಲ್ಲು ಎಳೆದಾಗ, ಮದುವೆಯ ತೆರ ಒಪ್ಪಿಸುವಾಗ ಎಮ್ಮೆ, ಹಂದಿ ಕೊಯ್ದು ಯಾರಿಗೆ ಯಾವ ಭಾಗ ಎಂದು ಕೂಗಿ ಕೊಡುತ್ತಾರೆ. ಪಡೆದವರು ತಮ್ಮ ಸರದಿಯಲ್ಲಿ ಹಿಂದಿರುಗಿಸಬೇಕು. ಅದು ಮೊಮ್ಮಕ್ಕಳವರೆಗೂ ಹರಿಯುವ ಸಾಲ. ಮಗಳನ್ನು ಕೊಟ್ಟ ಕುಲಕ್ಕೆ ಎಮ್ಮೆ, ಕುದುರೆ ಹೋಗುತ್ತವೆ. ಅಲ್ಲಿಂದ ಹಂದಿ, ನೇಯ್ದ ಬಟ್ಟೆ ಬರುತ್ತವೆ. ಪ್ರವಾಸಿಯಾಗಿ ಎರಡು ದಿನ ಇದ್ದು ಬಂದಾಗ ಇದ್ಯಾವುದೂ ನಿಮ್ಮನ್ನು ಮುಟ್ಟುವುದಿಲ್ಲ. ಆರು ತಿಂಗಳು ಇದ್ದರೆ ನೀವೂ ಒಂದು ಮನೆ. ಪಕ್ಕದ ಮನೆಯಲ್ಲಿ ಸಾವಾದರೆ ಬರಿಗೈಯಲ್ಲಿ ಹೋಗುವಂತಿಲ್ಲ. ಸಸ್ಯಾಹಾರಿಗಳು ಬಟ್ಟೆ, ಅಕ್ಕಿ, ಸಕ್ಕರೆ, ಕಾಫಿ ಪುಡಿ ಕೊಟ್ಟು ಮರ್ಯಾದೆ ಉಳಿಸಿಕೊಳ್ಳಬಹುದು, ನಿಮ್ಮ ಪಾಲಿನ ಮಾಂಸವನ್ನು ಮನೆ ಬಾಡಿಗೆಗೆ ಕೊಟ್ಟವರಿಗೆ ಕೊಡಿ ಎಂದು ಮೊದಲೇ ಹೇಳಿಡಬಹುದು. ತಿನ್ನುವುದಿಲ್ಲ ಎಂದರೆ ಬೇಸರ ಮಾಡಿಕೊಳ್ಳುವುದಿಲ್ಲ. ಬರಲೇ ಇಲ್ಲ ಎಂದರೆ ಮಾಡಿಕೊಳ್ಳುತ್ತಾರೆ.

ಒಂದು ವಿಷಯದಲ್ಲಿ ಮಲೆನಾಡಿನವರಾದ ನಿಮಗೆ ಬೇರೆಯವರಿಗಿಲ್ಲದ ಅನುಕೂಲ ಇದೆ. ಸುಂಬಾದಲ್ಲಿ ಯಾರ ಮನೆಗೆ ಹೋದರೂ ಮೊದಲು ಮುಂದೆ ಬರುವುದು ಎಲೆಅಡಿಕೆಯ ಬುಟ್ಟಿ. ಎಲೆಯ ಬದಲು ಅವರು ಹೆಚ್ಚಾಗಿ ವೀಳ್ಯದ ಬಳ್ಳಿಯ ಉದ್ದನೆಯ ಹಸಿರು ಕಾಯನ್ನು ಸುಣ್ಣದಲ್ಲಿ ಅದ್ದಿ ಅಡಿಕೆಯ ಜೊತೆ ಅಗಿಯುತ್ತಾರೆ. ಬಾಯಿ ಸುಡುತ್ತದೆ, ನಿಧಾನ. ನೀವು ಹೋಗುವಾಗಲೂ ಪೇಟೆಯಿಂದ ಅಡಿಕೆ, ಆ ಕಾಯಿ ಕಟ್ಟಿಸಿಕೊಂಡು ಹೋಗಿ. ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿರಿಯರ ಮುಂದೆ ಇಟ್ಟು, ಅವರು ತೆಗೆದುಕೊಂಡ ಮೇಲೆ ಮಾತು ಶುರು ಮಾಡಿ. ಜಾಗದ ಮಾತನ್ನಂತೂ ಅದಿಲ್ಲದೆ ಎತ್ತಲೇಬಾರದು. ಗಂಡಸರನ್ನು ‘ಬಾಪಾ’, ಹೆಂಗಸರನ್ನು ‘ಮಾಮಾ’ ಎನ್ನುತ್ತಾರೆ. ಮೂಗಿಗೆ ಮೂಗು ತಾಗಿಸಿ ಬರಮಾಡಿಕೊಂಡರೆ ಹಿಂದೆ ಸರಿಯಬೇಡಿ.

ಶ್ರೀಗಂಧದ ಆಸೆ ನನಗೆ ಅರ್ಥವಾಗುತ್ತದೆ. ನಮ್ಮ ಕಾಡಿನ ಗಂಧದ ಜಾತಿಯೇ ಸುಂಬಾ, ತಿಮೋರ್‌ಗಳಲ್ಲೂ ಬೆಳೆಯುತ್ತದೆ. ಹಳೆಯ ನಕಾಶೆಗಳಲ್ಲಿ ಸುಂಬಾವನ್ನು ಗಂಧದ ದ್ವೀಪ ಎಂದೇ ಕರೆದಿದ್ದಾರೆ. ಅಲ್ಲಿ ಅದು ಅಳಿದ ಕಥೆಯೂ ನಮ್ಮದರ ಹಾಗೇ ಇದೆ. ಮೈಸೂರಿನಲ್ಲಿ ಟಿಪ್ಪುವಿನ ಕಾಲದಿಂದ ಗಂಧ ಸರ್ಕಾರದ ಮರವಾಗಿತ್ತು, ನಮ್ಮ ರೈತನಿಗೆ ತನ್ನ ಹೊಲದ ಮರದ ಮೇಲೆ ಹಕ್ಕು ಬಂದದ್ದು 2001ರ ತಿದ್ದುಪಡಿಯ ನಂತರ. ಸುಂಬಾ ಸೇರಿದ ಪೂರ್ವ ನುಸಾ ತೆಂಗಾರಾ ಪ್ರಾಂತ್ಯದಲ್ಲಿ 1986ರ ಪ್ರಾಂತೀಯ ನಿಯಮ ಗಂಧವನ್ನು ಸರ್ಕಾರದ ಹಿಡಿತಕ್ಕೆ ಕೊಟ್ಟು, ಜಾಗದವನಿಗೆ ಶೇ. 15ರಷ್ಟು ಮಾತ್ರ ಬಿಟ್ಟಿತು. ರೈತರು ಹೊಲದಲ್ಲಿ ತಾನಾಗಿ ಎದ್ದ ಸಸಿಯನ್ನು ಕಿತ್ತೆಸೆದರು, ಮರ ಇದ್ದರೆ ಕಾಟ ಎಂದು. ಆ ನಿಯಮ ಈಗಿಲ್ಲ, ಮತ್ತೆ ನೆಡುವ ಕೆಲಸ ನಡೆದಿದೆ. ಆದರೆ ವಿದೇಶಿಯ ಮನೆಯ ಲೀಸಿನಲ್ಲಿ ಗಂಧದ ತೋಟ ಮಾಡಿ ಮಾರುವ ಲೆಕ್ಕ ಬೇಡ. ಮನೆಯ ಸುತ್ತ ನಾಲ್ಕು ಸಸಿ, ಅದೂ ಜಾಗದವರದ್ದೆಂದು ಬರೆದುಕೊಟ್ಟು ನೆಟ್ಟರೆ ಯಾರ ತಕರಾರೂ ಇರದು. ನಮ್ಮೂರಿನ ಬೀಜ, ಸಸಿ ಕಟ್ಟಿಕೊಂಡು ಹೋಗಬೇಡಿ. ಕ್ವಾರಂಟೈನ್‌ನವರು ಬಿಡುವುದಿಲ್ಲ, ಸ್ಪೈಕ್ ರೋಗವಿರುವ ನಾಡಿನಿಂದ ಒಯ್ಯುವುದು ಆ ದ್ವೀಪಕ್ಕೆ ಒಳ್ಳೆಯದೂ ಅಲ್ಲ.

ನೀರಿನ ಬಗ್ಗೆ ನೀವು ಕೇಳಿಲ್ಲ. ನೀವು ನೋಡಿದ್ದು ಹಸಿರಿದ್ದ ಕಾಲ ಇರಬೇಕು. ಮಳೆ ಹೆಚ್ಚು ಕಡಿಮೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಏಪ್ರಿಲ್, ಮೇ ಕಳೆದರೆ ಗುಡ್ಡವೆಲ್ಲ ಕಂದು. ನೆಲ ಬಹುಪಾಲು ಸುಣ್ಣಕಲ್ಲು, ಬಿದ್ದ ನೀರು ಕೆಳಗಿಳಿದುಬಿಡುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೆಂಗಸರು ಮಕ್ಕಳು ಹಳದಿ ಕ್ಯಾನು ಹೊತ್ತು ಒರತೆಗೆ ನಡೆಯುತ್ತಾರೆ, ಅನುಕೂಲ ಇದ್ದವರು ಟ್ಯಾಂಕರ್ ತರಿಸುತ್ತಾರೆ. ಕಡಲಂಚಿನ ಬಾವಿ ಉಪ್ಪಾಗಿರಬಹುದು. ಮನೆ ನೋಡುವಾಗ ಕಿಟಕಿಯಿಂದ ಸಮುದ್ರ ಕಾಣುತ್ತದೆಯೇ ಎನ್ನುವ ಮೊದಲು ಅಕ್ಟೋಬರ್‌ನಲ್ಲಿ ನೀರು ಎಲ್ಲಿಂದ ಬರುತ್ತದೆ, ಅದೇ ನೀರಿಗೆ ಬೇರೆ ಯಾರು ಕಾಯುತ್ತಾರೆ ಎಂದು ಕೇಳಿ. ಮಳೆನೀರಿನ ದೊಡ್ಡ ತೊಟ್ಟಿ ಕಟ್ಟಿಸಿದರೆ ಅದು ನಿಮಗಿಂತ ಹೆಚ್ಚು ಕಾಲ ಆ ಮನೆಗೆ ಉಪಕಾರಕ್ಕೆ ಬರುತ್ತದೆ. ಕರೆಂಟು ರಸ್ತೆಬದಿಯ ಊರುಗಳಿಗೆ ಇದೆ, ಒಳಗಿನ ಮನೆಗಳಲ್ಲಿ ಸೋಲಾರ್. ಮೊಬೈಲಿಗೆ ಟೆಲ್ಕೊಮ್‌ಸೆಲ್ ಸಿಗ್ನಲ್ ಉಳಿದವಕ್ಕಿಂತ ದೂರ ಹರಡಿದೆ. ಆದರೂ ದಿನವಿಡೀ ವಿಡಿಯೊ ಮೀಟಿಂಗ್ ಇರುವ ಕೆಲಸವನ್ನು ಆ ಭರವಸೆಯ ಮೇಲೆ ಒಪ್ಪಿಕೊಳ್ಳಬೇಡಿ. 90 ದಿನ ಮೀರಿ ಇರುವುದಾದರೆ ಫೋನಿನ ಐಎಂಇಐ ಎಂಬ ಗುರುತಿನ ಸಂಖ್ಯೆಯನ್ನು ಕಸ್ಟಮ್ಸ್‌ನಲ್ಲಿ ನೋಂದಾಯಿಸಬೇಕು, ಇಲ್ಲದಿದ್ದರೆ ಸಿಮ್ ನಿಂತುಹೋಗುತ್ತದೆ.

ಮಲೇರಿಯಾ ಬಗ್ಗೆ ಸಡಿಲ ಬಿಡಬೇಡಿ. ಬಾಲಿಯ ಪ್ರವಾಸಿ ಊರುಗಳಲ್ಲಿ ಅದರ ಚಿಂತೆ ಇಲ್ಲ. ಸುಂಬಾದಲ್ಲಿ ಫಾಲ್ಸಿಪಾರಂ, ವೈವಾಕ್ಸ್ ಎಂಬ ಎರಡೂ ಬಗೆಯ ಮಲೇರಿಯಾ ಇದೆ. ಹೊರಡುವ ಮೊದಲು ವೈದ್ಯರನ್ನು ಕಂಡು ತಡೆ ಮಾತ್ರೆ ಬರೆಸಿಕೊಳ್ಳಿ, ಇಬ್ಬರೂ ಜಿ6ಪಿಡಿ ಎಂಬ ಕಿಣ್ವದ ರಕ್ತ ಪರೀಕ್ಷೆ ಮಾಡಿಸಿ. ವೈವಾಕ್ಸ್ ಬಂದರೆ ಯಕೃತ್ತಿನಲ್ಲಿ ಅಡಗಿದ ರೋಗಾಣು ಕೊಲ್ಲಲು ಪ್ರಿಮಾಕ್ವಿನ್ ಕೊಡುತ್ತಾರೆ, ಆ ಕಿಣ್ವದ ಕೊರತೆ ಇದ್ದವರಿಗೆ ಅದು ಅಪಾಯ. ಔಷಧ ಹಾಕಿದ ಸೊಳ್ಳೆಪರದೆ, ಸಂಜೆಗೆ ತುಂಬು ತೋಳು. ಊರಿಗೆ ಬಂದು ತಿಂಗಳುಗಳ ಮೇಲೆ ಜ್ವರ ಬಂದರೂ ಸುಂಬಾದಲ್ಲಿದ್ದೆ ಎಂದು ವೈದ್ಯರಿಗೆ ಮೊದಲೇ ಹೇಳಿ. ಹಳ್ಳಿಯಲ್ಲಿ ಪುಸ್ಕೆಸ್ಮಾಸ್ ಎನ್ನುವ ಆರೋಗ್ಯ ಕೇಂದ್ರ, ವಾಯ್ತಾಬುಲಾದಲ್ಲಿ ಮಿಷನ್ ಆಸ್ಪತ್ರೆ ಇದೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಬಾಲಿಯ ಡೆನ್ಪಸಾರ್. ಅಲ್ಲಿಗೆ ಎತ್ತಿಕೊಂಡು ಹೋಗುವ ಖರ್ಚು ಕೊಡುವ ವಿಮೆ ಇಲ್ಲದೆ ಹೋಗಬೇಡಿ. ನಿಮ್ಮ ತಂದೆತಾಯಿಯನ್ನು ಕರೆದೊಯ್ಯುವ ಯೋಚನೆ ಇದ್ದರೆ ಇದನ್ನು ಎರಡು ಸಲ ಓದಿ.

ದಾರಿ ನೀವು ಕಂಡದ್ದೇ. ಬೆಂಗಳೂರಿನಿಂದ ಡೆನ್ಪಸಾರ್‌ಗೆ ಇಂಡಿಗೊದ ನೇರ ವಿಮಾನ 2024ರ ಮಾರ್ಚ್‌ನಲ್ಲಿ ಶುರುವಾಯಿತು. ಅಲ್ಲಿಂದ ಸಣ್ಣ ಎಟಿಆರ್ ವಿಮಾನದಲ್ಲಿ ಸುಂಬಾದ ತಾಂಬೊಲಾಕಾ ನಿಲ್ದಾಣಕ್ಕೆ. ಈ ಎರಡರ ನಡುವೆ ಒಂದು ರಾತ್ರಿ ಇಟ್ಟುಕೊಳ್ಳಿ. ದ್ವೀಪದ ವಿಮಾನಗಳು ಸಮಯ ಬದಲಿಸುವುದು, ರದ್ದಾಗುವುದು ಸಾಮಾನ್ಯ. ಸಾಮಾನು ಹೆಚ್ಚಿದ್ದರೆ ಸುಂಬಾವಾದ ಸಾಪೆಯಿಂದ ವಾಯ್ಕೆಲೊ ಬಂದರಿಗೆ ಫೆರ್ರಿ ಇದೆ, ಜನವರಿ ಫೆಬ್ರುವರಿಯ ಗಾಳಿಯಲ್ಲಿ ಅದನ್ನು ನೆಚ್ಚುವಂತಿಲ್ಲ. ಫೆಬ್ರುವರಿ, ಮಾರ್ಚ್‌ನಲ್ಲಿ ಕುದುರೆ ಸವಾರರ ಪಾಸೋಲಾ ಹಬ್ಬ, ಆಗ ಕೋಣೆ ಸಿಗುವುದು ಕಷ್ಟ. ಕೋಡಿಯ ಒಳರಸ್ತೆಯಲ್ಲಿ ಕತ್ತಲಾದ ಮೇಲೆ ಓಡಾಡಬೇಡಿ. ದನ ಕಳವು, ದಾರಿಯಲ್ಲಿ ಅಡ್ಡಗಟ್ಟುವುದು ಅಲ್ಲಿನವರೇ ಎಚ್ಚರಿಸುವ ವಿಷಯ. ಗಂಡಸರ ಸೊಂಟದ ಕತ್ತಿ ನೋಡಿ ಹೆದರಬೇಕಿಲ್ಲ, ಅದು ಉಡುಗೆಯ ಭಾಗ. ಎಟಿಎಂ ಪೇಟೆಯಲ್ಲಿ ಮಾತ್ರ, ಹಳ್ಳಿಗೆ ಸಣ್ಣ ನೋಟು ಒಯ್ಯಿರಿ.

ವೀಸಾ: ಭಾರತೀಯರಿಗೆ ಬಂದಿಳಿದ ಮೇಲೆ 5 ಲಕ್ಷ ರುಪಿಯಾಕ್ಕೆ 30 ದಿನ, ಒಮ್ಮೆ ಇನ್ನು 30 ದಿನ ವಿಸ್ತರಣೆ. 60 ದಿನದ ಭೇಟಿ ವೀಸಾವನ್ನು ಮೊದಲೇ ಪಡೆದು ಹೋದರೆ ವಿಸ್ತರಿಸುತ್ತ 180 ದಿನದವರೆಗೆ ಇರಬಹುದು. ಆದರೆ ಅಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡುವುದಾದರೆ ಅದಕ್ಕೆಂದೇ ಒಂದು ವರ್ಷದ ದೂರಕೆಲಸದ ಪರವಾನಗಿ ಇದೆ. ವರ್ಷಕ್ಕೆ ಕನಿಷ್ಠ 60,000 ಡಾಲರ್ ಸಂಪಾದನೆ ತೋರಿಸಬೇಕು. ಹನ್ನೆರಡು ತಿಂಗಳಲ್ಲಿ 183 ದಿನ ಮೀರಿದರೆ ಇಂಡೊನೇಷ್ಯಾದ ತೆರಿಗೆಗೂ ಬರುತ್ತೀರಿ, ಆರು ತಿಂಗಳ ಲೆಕ್ಕ ಅದಕ್ಕೆ ತೀರಾ ಹತ್ತಿರ. ಅವಧಿ ಮೀರಿ ಉಳಿದರೆ ದಿನಕ್ಕೆ 10 ಲಕ್ಷ ರುಪಿಯಾ ದಂಡ. ಹಳ್ಳಿಯಲ್ಲಿ ಇಳಿದ ದಿನವೇ ಮುಖ್ಯಸ್ಥರಿಗೆ ಪಾಸ್‌ಪೋರ್ಟ್ ಪ್ರತಿ ಕೊಟ್ಟು ಬರುವುದು ಒಳ್ಳೆಯದು.

ಈ ವರ್ಷವೇ ಆರು ತಿಂಗಳಿಗೆ ಹೋಗಬೇಡಿ. ಆಗಸ್ಟ್‌ನಿಂದ ಅಕ್ಟೋಬರ್, ಒಣಗಿದ ಕಾಲದಲ್ಲಿ, ಅದೇ ಹಳ್ಳಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಇದ್ದು ನೋಡಿ. ಆಗಲೂ ಅದೇ ಊರು ಬೇಕು ಅನ್ನಿಸಿದರೆ ಐದು ವರ್ಷದ ಲೀಸಿನ ಮಾತಾಡಿ.

ಇನ್ನು ಕೊಟ್ಟ ಎರಡೂವರೆ ಕೋಟಿ. ಪೊಲೀಸು, ವಕೀಲರು ಬೇಡ. ವ್ಯವಹಾರವೇ ಅಸಿಂಧುವಾದ್ದರಿಂದ ದೂರು ನಿಮ್ಮ ಮೇಲೇ ತಿರುಗುತ್ತದೆ. ಆ ದುಡ್ಡು ಇಷ್ಟು ಹೊತ್ತಿಗೆ ಒಂದು ಸಾವಿನ ಎಮ್ಮೆಗೋ ತಂಗಿಯ ಕಾಲೇಜಿಗೋ ಹೋಗಿರಬಹುದು, ಒಟ್ಟಿಗೆ ಕೇಳಿದರೆ ಆ ಮನೆಯವರು ಸಾಲ ಮಾಡಬೇಕಾಗುತ್ತದೆ. ಹುಡುಗನಿಗೆ ಫೋನಿನಲ್ಲಿ ಹೇಳಬೇಡಿ, ಹೋದಾಗ ಅವನ ಅಪ್ಪ, ದೊಡ್ಡಪ್ಪ ಚಿಕ್ಕಪ್ಪಂದಿರು, ಹಳ್ಳಿಯ ಮುಖ್ಯಸ್ಥರು ಕೂಡಿದ ಕಡೆ ಅಡಿಕೆ ಇಟ್ಟು ಮಾತು ತೆಗೆಯಿರಿ. ಜಾಗ ಕೊಳ್ಳುವುದಿಲ್ಲ, ಜಾಗ ನಿಮ್ಮಲ್ಲೇ ಇರಲಿ, ಕೊಟ್ಟ ಹಣ ನಮ್ಮ ಕೋಣೆಯ ಬಾಡಿಗೆಗೂ ಕಾರಿಗೂ ವಜಾ ಆಗಲಿ ಎನ್ನಿ. ಒಪ್ಪಿದರೆ 10,000 ರುಪಿಯಾದ ಸ್ಟಾಂಪು ಹಚ್ಚಿದ ಹಾಳೆಯಲ್ಲಿ ಮೂರೇ ವಿಷಯ ಬರೆಸಿ: ಮುಂಗಡ ಎಷ್ಟು, ಅದು ಇನ್ನು ಮುಂದೆ ಬಾಡಿಗೆ ಲೆಕ್ಕಕ್ಕೆ, ಜಾಗದ ಮೇಲೆ ನಿಮ್ಮ ಯಾವ ಹಕ್ಕೂ ಇಲ್ಲ. ಸಹಿ ಸ್ಟಾಂಪಿನ ಮೇಲೆ ಹಾದುಹೋಗಬೇಕು, ಅಲ್ಲಿನ ರೂಢಿ ಹಾಗೆ. ಒಂದು ಪ್ರತಿ ಅವರಿಗೆ, ಒಂದು ಮುಖ್ಯಸ್ಥರಿಗೆ, ಒಂದು ನಿಮಗೆ. ಸಹಿ ಹಾಕುವ ಮೊದಲು ಬೇಕಿದ್ದರೆ ಕರಡನ್ನು ನನಗೆ ಕಳಿಸಿ, ಓದಿ ಹೇಳುತ್ತೇನೆ.